ಹಸಿವಿಲ್ಲದ ಮೀನು

ಐರ್ಲೆಂಡ್ ಎಂದೊಡನೆ ನನ್ನಂಥ ಸಾಹಿತ್ಯದ ಮೇಷ್ಟರಿಗೆ ನೆನಪಾಗುವುದು ಯೇಟ್ಸ್, ಸಿಂಜ್, ಜಾಯ್ಸ್ ಮೊದಲಾದ ಹೆಸರುಗಳು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಆ ದೇಶ ಪುಸ್ತಕದ ಕಪಾಟಿನೊಳಗಿನ ದೇಶವೇ ಆಗಿದ್ದಿತು. 2023ರ ಬೇಸಿಗೆಯಲ್ಲಿ ಅಲ್ಲಿಯ ಪಶ್ಚಿಮ ತೀರದ ಮೇಯೋ ಕೌಂಟಿಯಲ್ಲಿ, ವೈದ್ಯೆಯಾಗಿರುವ ಮಗಳ ಮನೆಯಲ್ಲಿ, ಮೂರು ತಿಂಗಳಿದ್ದು ಬಂದ ಮೇಲೆ ಆ ಹೆಸರುಗಳ ಸಾಲಿಗೆ ಇನ್ನೊಂದು ಸೇರಿಕೊಂಡಿದೆ. ಅದು ಕವಿಯ ಹೆಸರಲ್ಲ, ಮೀನಿನ ಹೆಸರು: ಸಾಲ್ಮನ್. ಬರವಣಿಗೆಯಲ್ಲಿರುವ ಲಕಾರವನ್ನು ಅಲ್ಲಿಯವರು ನುಂಗಿ 'ಸಾಮನ್' ಎನ್ನುತ್ತಾರೆ. ಹೊಳೆಯ ದಂಡೆಯಲ್ಲಂತೂ ಆ ಹೆಸರೂ ಬೇಕಿಲ್ಲ. ಬರಿದೆ 'ಮೀನು' ಎಂದರೆ ಸಾಲ್ಮನ್ ಎಂದೇ ಅರ್ಥ. ಉಳಿದವು ಟ್ರೌಟ್, ಹಾವುಮೀನು ಎಂದು ತಮ್ಮ ತಮ್ಮ ಹೆಸರಿನಿಂದ ಕರೆಸಿಕೊಳ್ಳಬೇಕು.

ಈ ಮೀನಿನ ವಿಷಯದಲ್ಲಿ ಒಂದು ಒಗಟಿದೆ. ಅದನ್ನು ಕೇಳುಗರ ಮುಂದಿಡುವುದೇ ನನ್ನ ಇಂದಿನ ಮಾತಿನ ಉದ್ದೇಶ. ಒಗಟನ್ನು ಬಿಡಿಸುವ ಭರವಸೆಯನ್ನು ಮಾತ್ರ ಕೊಡಲಾರೆ.

ಮಗಳ ಮನೆ ಇರುವುದು ಬ್ಯಾಲಿನಾ ಎಂಬ ಊರಿನಲ್ಲಿ. ಐರಿಷ್ ಭಾಷೆಯಲ್ಲಿ ಆ ಹೆಸರಿನ ಮೂಲ ರೂಪಕ್ಕೆ 'ಕಡವಿನ ಬಾಯಿ' ಎಂಬ ಅರ್ಥವಂತೆ. ನಮ್ಮ ಶರಾವತಿಯ ಕಡೆಯಲ್ಲಾದರೆ ಹೊಳೆಬಾಗಿಲು ಎನ್ನುತ್ತಿದ್ದೆವು. ಊರಿನ ನಡುವೆ ಮೊಯ್ ಎಂಬ ನದಿ ಹರಿಯುತ್ತದೆ. ಯೇಟ್ಸನ ಸೀಮೆಯಾದ ಸ್ಲೈಗೋದ ಆಕ್ಸ್ ಬೆಟ್ಟಗಳಲ್ಲಿ ಹುಟ್ಟಿ, ಸುಮಾರು 100 ಕಿಲೋಮೀಟರು ಸುತ್ತಿ, ಕಾನ್ ಮತ್ತು ಕಲ್ಲಿನ್ ಎಂಬ ಎರಡು ಸರೋವರಗಳ ನೀರನ್ನು ಕೂಡಿಸಿಕೊಂಡು, ಬ್ಯಾಲಿನಾ ದಾಟಿದೊಡನೆ ಕಿಲಾಲಾ ಕೊಲ್ಲಿಯಲ್ಲಿ ಅಟ್ಲಾಂಟಿಕ್ ಸಾಗರವನ್ನು ಸೇರುತ್ತದೆ. ಸುತ್ತಲ ನೆಲವೆಲ್ಲ ಪೀಟ್ ಎಂಬ ಕಪ್ಪು ಜೌಗುಮಣ್ಣಾದುದರಿಂದ ಮಳೆ ಬಂತೆಂದರೆ ನೀರಿಗೆ ನಮ್ಮ ಕಾಫಿ ಡಿಕಾಕ್ಷನ್ನಿನ ಬಣ್ಣ. ಊರೊಳಗೇ ಒಂದು ಅಡ್ಡಗಟ್ಟೆ, ಅದರ ಕೆಳಗೆ 'ರಿಜ್ ಪೂಲ್' ಎಂಬ ಹೆಸರಾಂತ ಮಡು. ಇನ್ನೂ ಕೆಳಗೆ ದಂಡೆಯ ಮೇಲೆ ದೊಡ್ಡ ಕೆಥೆಡ್ರಲ್, ಅದರ ಪಕ್ಕದಲ್ಲಿ ಹಾಳುಬಿದ್ದ ಹಳೆಯ ಮಠ. ಆ ವರ್ಷದ ಏಪ್ರಿಲಿನಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಬೈಡೆನ್ ಅವರು ತಮ್ಮ ಪೂರ್ವಿಕರ ಊರೆಂದು ಅಲ್ಲಿಗೆ ಬಂದು, ಆ ಕೆಥೆಡ್ರಲಿನ ಮುಂದೆ ಭಾಷಣ ಮಾಡಿ ಹೋಗಿದ್ದರು. ನಾನು ಮೇ ತಿಂಗಳಲ್ಲಿ ಹೋದಾಗ ಅಂಗಡಿಗಳಲ್ಲಿ ಆ ಮಾತು ಇನ್ನೂ ನಡೆದಿತ್ತು. ಸೇತುವೆಯ ಮೇಲೆ ಮಾತ್ರ ಬೇರೆಯ ಮಾತು. ಅಲ್ಲಿ ಮೊಳಕೈಯೂರಿ ನಿಂತವರೆಲ್ಲ ಒಬ್ಬರನ್ನೊಬ್ಬರು ಕೇಳುತ್ತಿದ್ದುದು 'ಮೀನು ಬಂತೇ?' ಎಂದು.

ನಮ್ಮ ಪಕ್ಕದ ಮನೆಯವರು ಎಪ್ಪತ್ತು ದಾಟಿದ ನಿವೃತ್ತ ಅಂಚೆಯವರು. ವಿಧುರರು, ಮಿತಭಾಷಿಗಳು. ಅವರ ಟೋಪಿಗೆ ಬಣ್ಣಬಣ್ಣದ ಗರಿಯ ಹುಳುಗಳನ್ನು ಸಿಕ್ಕಿಸಿರುತ್ತಿತ್ತು. ನನಗೆ ಇಂಗ್ಲಿಷ್ ಪುಸ್ತಕಗಳ ಹುಚ್ಚು, ಅವರಿಗೆ ಹೊಳೆಯ ಹುಚ್ಚು. ಬೇಲಿಯ ಆಚೀಚೆ ನಿಂತು ಒಂದು ವಾರ ಹವಾಮಾನದ ಮಾತಾಡಿದ ಮೇಲೆ, ಒಂದು ಸಂಜೆ 'ಪ್ರೊಫೆಸರರೇ, ಹೊಳೆಗೆ ಬರುತ್ತೀರಾ?' ಎಂದು ಕೇಳಿದರು. ಅಲ್ಲಿಂದ ಮುಂದೆ ನನಗೆ ಗುರು ಅವರೇ.

ಅವರು ಹೇಳಿಕೊಟ್ಟ ಮೊದಲ ಪಾಠ ಮೀನಿನ ಜೀವನಚರಿತ್ರೆ. ಚಳಿಗಾಲದ ನಟ್ಟನಡುವೆ, ಡಿಸೆಂಬರಿನ ಹೊತ್ತಿಗೆ, ಹೆಣ್ಣು ಸಾಲ್ಮನ್ ಬೆಟ್ಟದ ತೊರೆಗಳ ತಿಳಿನೀರಿಗೆ ಏರಿ ಬಂದು, ಬಾಲದಿಂದ ಬೆಣಚುಕಲ್ಲನ್ನು ಕೆದರಿ ಕುಳಿ ಮಾಡಿ ಸಾವಿರಾರು ಮೊಟ್ಟೆಗಳನ್ನಿಟ್ಟು ಮತ್ತೆ ಕಲ್ಲು ಮುಚ್ಚುತ್ತದೆ. ವಸಂತದಲ್ಲಿ ಹೊರಬಂದ ಮರಿ ಎರಡು ವರ್ಷ ಅಲ್ಲಿಯೇ ಬೆಳೆಯುತ್ತದೆ. ಯಾರೋ ಬೆರಳಿನಿಂದ ಒತ್ತಿದಂತೆ ಅದರ ಪಕ್ಕೆಯಲ್ಲಿ ಮಚ್ಚೆಗಳಿರುತ್ತವೆ. ಒಂದು ಏಪ್ರಿಲಿನಲ್ಲಿ ಆ ಮಚ್ಚೆಗಳು ಮಾಯವಾಗಿ ಮೈಗೆಲ್ಲ ಬೆಳ್ಳಿಯ ಬಣ್ಣ ಬರುತ್ತದೆ. ಗೇಣುದ್ದವೂ ಇಲ್ಲದ ಮೀನು, ಸಿಹಿನೀರಿನ ಮೈಯನ್ನು ಉಪ್ಪುನೀರಿನ ಮೈಯಾಗಿ ಮಾರ್ಪಡಿಸಿಕೊಂಡು, ಹೊಳೆಯಿಳಿದು ಸಾಗರಕ್ಕೆ ಹೋಗುತ್ತದೆ. ನಾರ್ವೆಯ ಸಮುದ್ರ, ಗ್ರೀನ್‌ಲೆಂಡಿನ ತೀರ, ಅಷ್ಟು ದೂರ. ಅಲ್ಲಿ ಒಂದು ಚಳಿಗಾಲ ಕಳೆದರೆ ಎರಡು ಮೂರು ಕಿಲೋ, ಎರಡು ಚಳಿಗಾಲ ಕಳೆದರೆ ಅದಕ್ಕೆ ಎರಡರಷ್ಟು ತೂಗುತ್ತದೆ. ಆಮೇಲೆ ಹಿಂದಿರುಗುತ್ತದೆ, ತಾನು ಹುಟ್ಟಿದ ಹೊಳೆಗೇ. ಕಡಲಿನಲ್ಲಿ ಭೂಮಿಯ ಕಾಂತಶಕ್ತಿ ಅದಕ್ಕೆ ದಿಕ್ಕು ತೋರಿಸುತ್ತದೆಂದೂ, ತೀರ ಹತ್ತಿರವಾದ ಮೇಲೆ ತೌರಿನ ನೀರಿನ ವಾಸನೆಯೇ ದಾರಿಯೆಂದೂ ತಿಳಿದವರು ಹೇಳುತ್ತಾರೆ. ಈ ವಾಸನೆಯ ಸಂಗತಿಯನ್ನು 1950ರ ದಶಕದಿಂದ ಅಮೆರಿಕದ ಆರ್ಥರ್ ಹ್ಯಾಸ್ಲರ್ ಎಂಬ ವಿಜ್ಞಾನಿ ಪ್ರಯೋಗಗಳಿಂದ ತೋರಿಸಿಕೊಟ್ಟರು. ವಾಸನೆ ಎಂಬ ಮಾತಿಗೆ ನಮ್ಮ ಶಾಸ್ತ್ರಗಳಲ್ಲಿ ಪೂರ್ವಸಂಸ್ಕಾರ ಎಂಬ ಅರ್ಥವೂ ಇರುವುದನ್ನು ನೆನೆದು ನನಗೆ ಸೋಜಿಗವಾಯಿತು. ಎರಡು ಅರ್ಥಗಳೂ ಈ ಮೀನಿಗೆ ಸಲ್ಲುತ್ತವೆ.

ಇನ್ನು ಒಗಟು. ಸಮುದ್ರದಿಂದ ಹೊಳೆಗೆ ಕಾಲಿಟ್ಟ ಸಾಲ್ಮನ್ ಉಣ್ಣುವುದನ್ನು ನಿಲ್ಲಿಸಿಬಿಡುತ್ತದೆ. ಹಸಿವೇ ಇಲ್ಲ, ಹೊಟ್ಟೆ ಸಂಕುಚಿಸುತ್ತದೆ. ಬೇಸಿಗೆಯಲ್ಲಿ ಬಂದ ಮೀನು ಡಿಸೆಂಬರಿನವರೆಗೆ, ಫೆಬ್ರವರಿಯಲ್ಲಿ ಬಂದದ್ದು ಸುಮಾರು ಹತ್ತು ತಿಂಗಳು, ಕಡಲಿನಲ್ಲಿ ಕೂಡಿಸಿಟ್ಟ ಕೊಬ್ಬನ್ನೇ ಕರಗಿಸಿಕೊಂಡು ಬದುಕುತ್ತದೆ. ಮೊಟ್ಟೆಯಿಟ್ಟ ಮೇಲೆ ಬಹುಪಾಲು ಅಲ್ಲಿಯೇ ಸಾಯುತ್ತವೆ. ಇಂಥ ನಿರಾಹಾರಿ ಮೀನು, ಕೊಕ್ಕೆಗೆ ಕಟ್ಟಿದ ನಾಲ್ಕು ಗರಿಗಳನ್ನು ಬಾಯಿಗೆ ಹಾಕಿಕೊಳ್ಳುವುದೇಕೆ? ಕೋಪದಿಂದ ಎಂದು ಕೆಲವರು. ಕುತೂಹಲದಿಂದ ಎಂದು ಕೆಲವರು. ಕೈಯಿಲ್ಲದ ಪ್ರಾಣಿ ಬಾಯಿಂದಲೇ ಮುಟ್ಟಿ ನೋಡಬೇಕಲ್ಲವೇ? ಮರಿಯಾಗಿದ್ದಾಗ ಇದೇ ಹೊಳೆಯಲ್ಲಿ ಹುಳು ಹಿಡಿದು ತಿಂದ ನೆನಪು, ಅಥವಾ ಕಡಲಿನ ಸೀಗಡಿಯ ನೆನಪು ಎಂದು ಮತ್ತೆ ಕೆಲವರು. ಅಂಚೆಯವರು ಐವತ್ತು ವರ್ಷ ಗಾಳ ಹಾಕಿದವರು. ಅವರನ್ನು ಕೇಳಿದೆ. 'ತಿಳಿದಿದ್ದರೆ ಯಾವಾಗಲೋ ಬಿಟ್ಟುಬಿಡುತ್ತಿದ್ದೆ' ಎಂದರು.

ಟ್ರೌಟ್ ಮೀನಿನಲ್ಲಿ ಈ ಒಗಟಿಲ್ಲ. ಅದು ಗೃಹಸ್ಥ. ಐರಿಷಿನಲ್ಲಿ ಅದಕ್ಕೆ 'ಬ್ರ್ಯಾಕ್', ಎಂದರೆ ಚುಕ್ಕೆಯದು, ಎಂದು ಹೆಸರು. ಹೊಳೆಯಲ್ಲಿ, ಸರೋವರದಲ್ಲಿ ತನ್ನ ಜಾಗ ಹಿಡಿದು ವರ್ಷವಿಡೀ ಉಣ್ಣುತ್ತದೆ. ಅದೇ ಜಾತಿಯ ಕೆಲವು ಕಡಲಿಗೂ ಹೋಗಿಬರುತ್ತವೆಂಬುದು ಬೇರೆ ಮಾತು; ಒಂದೇ ತಾಯಿಯ ಮಕ್ಕಳಲ್ಲಿ ಒಂದು ಊರಲ್ಲಿ ಉಳಿಯುತ್ತದೆ, ಇನ್ನೊಂದು ಪರದೇಶಕ್ಕೆ ಹೋಗುತ್ತದೆ. ಮೇ ಕೊನೆಯಲ್ಲಿ ಕಾನ್ ಸರೋವರದ ಮೇಲೆ ಟ್ರೌಟಿನ ಹಬ್ಬ. ಮೇಫ್ಲೈ ಎಂಬ ಹುಳು ಒಂದೆರಡು ವರ್ಷ ತಳದ ಕೆಸರಿನಲ್ಲಿ ಬೆಳೆದು, ಆ ದಿನಗಳಲ್ಲಿ ರೆಕ್ಕೆ ಮೂಡಿ ಸಾವಿರಾರಾಗಿ ಮೇಲೇಳುತ್ತದೆ. ರೆಕ್ಕೆ ಬಂದ ಮೇಲೆ ಅದಕ್ಕೆ ಉಣ್ಣುವ ಬಾಯಿಯೇ ಇಲ್ಲ. ಒಂದೆರಡು ದಿನದಲ್ಲಿ ಕೂಡಿ, ಮೊಟ್ಟೆಯಿಟ್ಟು ಸಾಯುತ್ತದೆ. ಗಾಳದವರು ದೋಣಿಯಲ್ಲಿ ಕುಳಿತು, ಉದ್ದನೆಯ ಕೋಲಿನ ತುದಿಗೆ ರೇಷ್ಮೆಯ ಎಳೆ ಕಟ್ಟಿ, ಕೊಕ್ಕೆಗೆ ಜೀವಂತ ಮೇಫ್ಲೈಯನ್ನು ಸಿಕ್ಕಿಸಿ ಗಾಳಿಗೆ ಬಿಡುತ್ತಾರೆ. ಎಳೆ ಗಾಳಿಪಟದಂತೆ ಹಾರಿ, ಹುಳು ಅಲೆಯ ಮೇಲೆ ಕುಣಿಯುತ್ತದೆ. ಟ್ರೌಟ್ ಮೇಲೆದ್ದು ನುಂಗುತ್ತದೆ. ಹಸಿದದ್ದು ತಿಂದಿತು, ಸಿಕ್ಕಿಬಿತ್ತು. ಅದರಲ್ಲಿ ನ್ಯಾಯವೋ ಅನ್ಯಾಯವೋ ಒಂದು ಲೆಕ್ಕವಾದರೂ ಇದೆ.

ಒಗಟಿನಂಥ ಪ್ರಾಣಿಯ ಸುತ್ತ ಕಥೆ ಬೆಳೆಯುವುದು ಸಹಜ. ಐರ್ಲೆಂಡಿನ ಪುರಾಣದಲ್ಲಿ ಜ್ಞಾನದ ಸಾಲ್ಮನ್ ಎಂಬುದೊಂದಿದೆ. ಬಾವಿಯ ಸುತ್ತ ನಿಂತ ಒಂಬತ್ತು ಹೇಝಲ್ ಮರಗಳ ಕಾಯಿಗಳನ್ನು ತಿಂದು ಸರ್ವಜ್ಞವಾದ ಮೀನು ಅದು. ಫಿನ್ನೆಗಸ್ ಎಂಬ ಕವಿ ಬಾಯ್ನ್ ನದಿಯ ದಂಡೆಯಲ್ಲಿ ಏಳು ವರ್ಷ ಕಾದು ಅದನ್ನು ಹಿಡಿದ. ಬೇಯಿಸುವ ಕೆಲಸವನ್ನು ಶಿಷ್ಯನಾದ ಫಿಯೊನ್ ಎಂಬ ಹುಡುಗನಿಗೆ ಒಪ್ಪಿಸಿ, ತಿನ್ನಬೇಡವೆಂದ. ಹುಡುಗನ ಹೆಬ್ಬೆರಳು ಸುಟ್ಟಿತು, ಬಾಯಿಗಿಟ್ಟುಕೊಂಡ, ಜ್ಞಾನವೆಲ್ಲ ಅವನದಾಯಿತು. ಮೇಷ್ಟರ ವೃತ್ತಿಯಲ್ಲಿದ್ದವರಿಗೆ ಈ ಕಥೆ ಸ್ವಲ್ಪ ಚುರುಕೆನ್ನದೆ ಇರದು. ಮೀನಿನ ಹೊಟ್ಟೆಯೊಳಗಿದ್ದು ಶಿವನ ಉಪದೇಶವನ್ನು ಕೇಳಿದ ಮತ್ಸ್ಯೇಂದ್ರನಾಥನ ಕಥೆಯನ್ನು ನಾನು ಅಂಚೆಯವರಿಗೆ ಹೇಳಿದೆ. ಅವರಿಗೆ ಅದೇನೂ ಆಶ್ಚರ್ಯವೆನಿಸಲಿಲ್ಲ. ಹೊಸ ರಾಷ್ಟ್ರ 1928ರಲ್ಲಿ ನಾಣ್ಯ ಹೊರಡಿಸಿದಾಗ, ಯೇಟ್ಸನ ಅಧ್ಯಕ್ಷತೆಯ ಸಮಿತಿ ರಾಜರಾಣಿಯರ ಮುಖವನ್ನು ಬಿಟ್ಟು ಪಶುಪಕ್ಷಿಗಳ ಚಿತ್ರವನ್ನು ಆರಿಸಿತು. ಎರಡು ಷಿಲಿಂಗಿನ ಮೇಲೆ ಬಂದದ್ದು ಸಾಲ್ಮನ್. 2002ರಲ್ಲಿ ಯೂರೋ ಬರುವವರೆಗೆ ಹತ್ತು ಪೆನ್ನಿಯ ಮೇಲೂ ಅದು ಇದ್ದಿತು.

ಜೂನ್ ತಿಂಗಳು ಅಲ್ಲಿಯವರ ದಾಖಲೆಯಲ್ಲೇ ಅತ್ಯಂತ ಬಿಸಿಯಾದ ಜೂನ್ ಆಯಿತು. ಹೊಳೆ ಸೊರಗಿತು. ಕಡಲಿನ ನೀರೂ ವಾಡಿಕೆಗಿಂತ ಹಲವು ಡಿಗ್ರಿ ಬಿಸಿಯೆಂದು ಪತ್ರಿಕೆಗಳಲ್ಲಿ ಬಂತು. ನೀರು ಬಿಸಿಯಾದರೆ ಅದರಲ್ಲಿ ಪ್ರಾಣವಾಯು ಕಡಿಮೆ. ಆಗ ಗಾಳಕ್ಕೆ ಸಿಕ್ಕ ಮೀನನ್ನು ಬಿಟ್ಟರೂ ಅದು ಬದುಕುವುದು ಕಷ್ಟ. ಆದುದರಿಂದ ಅಂಚೆಯವರು ಕೋಲನ್ನು ಗೋಡೆಗೊರಗಿಸಿ, ಮಳೆ ಕಾಯುತ್ತ, ಮನೆಯಲ್ಲಿ ಕುಳಿತು ಹೊಸ ಫ್ಲೈಗಳನ್ನು ಕಟ್ಟಿದರು. ಫ್ಲೈ ಎಂದರೆ ಗರಿ, ರೋಮ, ರೇಷ್ಮೆದಾರ, ಜರಿಯೆಳೆಗಳಿಂದ ಕೊಕ್ಕೆಯ ಮೇಲೆ ಕಟ್ಟಿದ ಕೃತಕ ಹುಳು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ಯಾಲಿಶ್ಯಾನನ್ ಎಂಬ ಊರಿನ ಮೈಕೆಲ್ ರೋಗನ್ ಎಂಬಾತ ಯಾವ ಉಪಕರಣವೂ ಇಲ್ಲದೆ ಬರಿಗೈಯಲ್ಲೇ ಇವನ್ನು ಕಟ್ಟಿ ಹೆಸರಾಗಿದ್ದನಂತೆ. ಗರಿಗಳ ಬಣ್ಣ ನಿಲ್ಲುವುದಕ್ಕೆ ಕತ್ತೆಯ ಮೂತ್ರವನ್ನು ಬಳಸುತ್ತಿದ್ದನೆಂದು ಪ್ರತೀತಿ.

ಆ ಡಬ್ಬಿಯನ್ನು ನೋಡುತ್ತಿದ್ದಾಗ ನನಗೊಂದು ಬೆರಗು ಕಾದಿತ್ತು. ಸೀಗಡಿಯನ್ನು ಹೋಲುವ, ಕೆಂಪು ಮತ್ತು ಕಿತ್ತಳೆ ಬಣ್ಣದ ಒಂದು ಫ್ಲೈ. ಅದರ ಎರಡು ಪಕ್ಕಕ್ಕೂ ಒಂದೊಂದು ಪುಟ್ಟ ಗರಿ. ಕಪ್ಪು ಗರಿಯ ಮೇಲೆ ಅರಗು ತೊಟ್ಟಿಕ್ಕಿದಂತೆ ಹೊಳೆಯುವ ಹಳದಿ ಬೊಟ್ಟು. ನಾನು ಆ ಗರಿಯನ್ನು ಬಲ್ಲೆ. ತುಂಗೆಯ ಸೀಮೆಯ ನಮ್ಮ ಊರಿನ ಕಾಡಿನಲ್ಲಿ, ಸೋದರಮಾವ ಉರುಳು ಹಾಕಿ ಹಿಡಿದು ತರುತ್ತಿದ್ದ ಕಾಡುಹುಂಜದ ಕತ್ತಿನ ಗರಿ ಅದು. ಹುಡುಗರಾಗಿದ್ದ ನಾವು ಅದನ್ನು ಪುಸ್ತಕದಲ್ಲಿ ಇಟ್ಟುಕೊಳ್ಳುತ್ತಿದ್ದೆವು. 'ಜಂಗಲ್ ಕಾಕ್, ಇಂಡಿಯಾದ್ದು' ಎಂದರು ಅಂಚೆಯವರು. ಆ ಬೊಟ್ಟು ನೀರಿನಲ್ಲಿ ಕಣ್ಣಿನಂತೆ ಕಾಣುತ್ತದೆಯಂತೆ. ಅದಿಲ್ಲದ ಫ್ಲೈ ಕುರುಡು ಎಂದು ಹಳಬರ ನಂಬಿಕೆ. ವಿಚಾರಿಸಿ ಓದಿದಾಗ ತಿಳಿದದ್ದು: ಈ ಬೂದು ಕಾಡುಕೋಳಿ ದಕ್ಷಿಣ ಭಾರತದ ಸುತ್ತಮುತ್ತಲಲ್ಲದೆ ಪ್ರಪಂಚದಲ್ಲಿ ಬೇರೆಲ್ಲೂ ಕಾಡುಹಕ್ಕಿಯಾಗಿ ಇಲ್ಲ. ವಿಕ್ಟೋರಿಯಾ ರಾಣಿಯ ಕಾಲದಿಂದ ಇದರ ಕತ್ತಿನ ಚರ್ಮಗಳು ಹಡಗಿನಲ್ಲಿ ಹೋಗುತ್ತಿದ್ದವು, ಬ್ರಿಟನ್ ಮತ್ತು ಐರ್ಲೆಂಡಿನ ಹೊಳೆಗಳಲ್ಲಿ ಸಾಲ್ಮನ್ನಿಗೆ ಕಣ್ಣು ತೋರಿಸುವುದಕ್ಕೆ. 1960ರ ದಶಕದ ಕೊನೆಯ ಹೊತ್ತಿಗೆ ಭಾರತ ಸರ್ಕಾರ ಆ ರಫ್ತನ್ನು ನಿಲ್ಲಿಸಿತು. ಈಗ ವಿದೇಶಗಳಲ್ಲೇ ಸಾಕಿದ ಹಕ್ಕಿಯ ಗರಿ ಸಿಗುತ್ತದೆ. ಅಂಚೆಯವರ ಬಳಿಯಿದ್ದುದು ಅವರ ತಂದೆ ಕೊಂಡಿಟ್ಟ ಹಳೆಯ ಚರ್ಮ. ನನ್ನ ಬಾಲ್ಯದ ಕಾಡಿನಿಂದ ನನಗಿಂತ ಮೊದಲೇ ಒಂದು ಹಕ್ಕಿ ಆ ಮನೆಗೆ ಹೋಗಿ ಕುಳಿತಿತ್ತು!

ಜುಲೈ ಬಂತು. ದಾಖಲೆಯಲ್ಲೇ ಅತ್ಯಂತ ಹೆಚ್ಚು ಮಳೆಯ ಜುಲೈ ಅದು. ಹೊಳೆ ಉಬ್ಬಿ, ಮತ್ತೆ ಇಳಿಯತೊಡಗಿದ ದಿನ ಬೆಳಗ್ಗೆ ಐದಕ್ಕೆ ಬಾಗಿಲು ತಟ್ಟಿದರು. ಇಳಿಯುವ ನೀರೇ ಗಾಳಕ್ಕೆ ಶ್ರೇಷ್ಠ. ಊರಿನ ಮೇಲೆ, ಹಸುಗಳು ಮೇಯುವ ಬಯಲಿನ ಅಂಚಿನಲ್ಲಿ, ತೊಡೆಯವರೆಗಿನ ರಬ್ಬರು ಬೂಟು ಹಾಕಿ ಅವರು ನೀರಿಗಿಳಿದರು. ಹದಿಮೂರು ಅಡಿಯ ಕೋಲು, ಎರಡು ಕೈಯ ಹಿಡಿತ. ಎಳೆಯನ್ನು ಒಮ್ಮೆ ಹಿಂದಕ್ಕೆ ಬಳಸಿ ಮುಂದಕ್ಕೆಸೆದರೆ ಅದು ಹೊಳೆಗೆ ಓರೆಯಾಗಿ ಕೆಳಗಡೆ ಬೀಳುತ್ತದೆ. ಪ್ರವಾಹವೇ ಫ್ಲೈಯನ್ನು ಕಮಾನಿನಂತೆ ದಂಡೆಗೆ ತಿರುಗಿಸಿ ತರುತ್ತದೆ. ಆಮೇಲೆ ಎರಡು ಹೆಜ್ಜೆ ಕೆಳಕ್ಕೆ, ಮತ್ತೆ ಎಸೆತ. ಹೀಗೆ ಮಡುವಿನ ಪ್ರತಿ ಗಜವನ್ನೂ ಬಾಚಬೇಕು. ಮಾತಿಲ್ಲ. ಮೀನು ಹಿಡಿದರೆ ಥಟ್ಟನೆ ಎಳೆಯಬಾರದೆಂಬುದು ನಿಯಮ; ಅದು ತಿರುಗಿ ಕೆಳಕ್ಕೆ ಹೋಗುವವರೆಗೆ ಕೈ ಸುಮ್ಮನಿರಬೇಕು. ಟ್ರೌಟಿಗಾದರೆ ಕೂಡಲೆ ಎತ್ತಬೇಕು. ಒಂದೇ ಹೊಳೆ, ಎರಡು ಮೀನಿಗೆ ಎರಡು ವ್ಯಾಕರಣ.

ಒಂಬತ್ತರ ಹೊತ್ತಿಗೆ ಕೋಲು ಬಾಗಿತು. ರೀಲು ಕಿರುಚಿತು. ಬೆಳ್ಳಿಯ ಗಟ್ಟಿಯೊಂದು ನೀರಿನಿಂದ ಗಜದೆತ್ತರ ಚಿಮ್ಮಿ ಬಿದ್ದಿತು. ಹತ್ತು ನಿಮಿಷದ ಹೋರಾಟವಾದ ಮೇಲೆ ಅವರು ಅದನ್ನು ಬಲೆಯಲ್ಲಿ, ನೀರಿನೊಳಗೇ ಹಿಡಿದು, ಮುಳ್ಳಿಲ್ಲದ ಕೊಕ್ಕೆಯನ್ನು ಬಿಡಿಸಿದರು. ಎರಡೂ ಕೈಯಲ್ಲಿ ಮೀನನ್ನು ಪ್ರವಾಹಕ್ಕೆ ಎದುರಾಗಿ ಹಿಡಿದು ನಿಂತರು. ಕಿವಿರಿನಲ್ಲಿ ನೀರಾಡಿ ಅದಕ್ಕೆ ಉಸಿರು ಮರಳಬೇಕು. ಮರಳಿತು. ಬಾಲವನ್ನೊಮ್ಮೆ ಬೀಸಿ ಕಪ್ಪುನೀರಿನಲ್ಲಿ ಮರೆಯಾಯಿತು.

ಕಾನೂನಿನಂತೆ ಮೊಯ್ ನದಿಯಲ್ಲಿ ಆ ಮೀನನ್ನು ಇಟ್ಟುಕೊಳ್ಳುವುದಕ್ಕೆ ಅವರಿಗೆ ಅಡ್ಡಿಯಿರಲಿಲ್ಲ. ಸಾಲ್ಮನ್ನಿಗೆ ಪರವಾನಿಗೆ ಬೇಕು. ಅದರೊಡನೆ ಎಣಿಸಿ ಕೊಟ್ಟ ಪಟ್ಟಿಗಳಿರುತ್ತವೆ, ಕೊಂದ ಮೀನಿಗೆ ಅದನ್ನು ಕಟ್ಟಿ ಪುಸ್ತಕದಲ್ಲಿ ಬರೆಯಬೇಕು. ಗಾಳದಿಂದ ಹಿಡಿದದ್ದನ್ನು ಮಾರುವುದು ಮಾತ್ರ ಅಪರಾಧ. ಅಂಚೆಯವರು ವರ್ಷವರ್ಷವೂ ಪಟ್ಟಿಗಳನ್ನು ಹಾಗೆಯೇ ಹಿಂದಿರುಗಿಸುತ್ತಾರೆ. ನಾನು ಕೇಳಿಯೇ ಬಿಟ್ಟೆ: 'ತಿನ್ನುವುದಿಲ್ಲ, ಮಾರುವಂತಿಲ್ಲ, ಬಿಟ್ಟೇ ಬಿಡುವುದಾದರೆ ಹಿಡಿದದ್ದೇಕೆ?' ಅವರು ಪೈಪು ಹೊತ್ತಿಸಿ ಬಹಳ ಹೊತ್ತಿನ ಮೇಲೆ ಹೇಳಿದರು: 'ಹಿಡಿಯುವವರು ಯಾರೂ ಇಲ್ಲದಿದ್ದರೆ, ಅದು ಬರಲಿಲ್ಲವೆಂಬುದು ಯಾರಿಗೆ ತಿಳಿದೀತು?'

ಈ ಉತ್ತರ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಬಾಯಿಗೆ ಕೊಕ್ಕೆ ಸಿಕ್ಕಿಸಿ ಕ್ಷೇಮಸಮಾಚಾರ ಕೇಳುವುದು ವಿಚಿತ್ರವಾದ ಪ್ರೀತಿ. ಆದರೆ ಆಕ್ಷೇಪಿಸುವ ಅಧಿಕಾರವೂ ನನಗಿರಲಿಲ್ಲ. ಮಲೆನಾಡಿನಲ್ಲಿ ಮುಂಗಾರಿನ ಮೊದಲ ಹೊಡೆತಕ್ಕೆ ಹೊಳೆಯ ಮೀನು ಹಳ್ಳ ಹತ್ತಿ ಗದ್ದೆಗೆ ಮೊಟ್ಟೆಯಿಡಲು ಬರುತ್ತದೆ. ಹತ್ತುಮೀನು ಎನ್ನುತ್ತೇವೆ. ರಾತ್ರಿ ಸೂಡಿ ಹಚ್ಚಿಕೊಂಡು, ನೀರಿನ ಬಾಯಿಗೆ ಕೂಳಿಯಿಟ್ಟು, ಕತ್ತಿಯಲ್ಲಿ ಕಡಿದು ಅದನ್ನು ಬಾಚಿ ತರುತ್ತಿದ್ದೆವು. ತತ್ತಿ ತುಂಬಿದ ಮೀನೇ ಹೆಚ್ಚು ರುಚಿ ಎಂದು ಆರಿಸಿ ತಿಂದವನು ನಾನು. ಇದನ್ನು ಅವರಿಗೆ ಹೇಳಿದೆ. ಅವರೂ ಹುಡುಗರಾಗಿದ್ದಾಗ ಅಪ್ಪನ ಜೊತೆ ರಾತ್ರಿ ದೀಪ ಹಿಡಿದು ಈಟಿಯಿಂದ ಸಾಲ್ಮನ್ ಕದ್ದದ್ದುಂಟಂತೆ. ಹೊಳೆ ಜಮೀನ್ದಾರರದು, ಮೀನು ದೇವರದು ಎಂಬುದು ಆ ಕಾಲದ ಬಡವರ ನ್ಯಾಯ. ಅದರ ಬೇರು ಎಷ್ಟು ಆಳವೆಂದರೆ, 1987ರಲ್ಲಿ ಸರ್ಕಾರ ಟ್ರೌಟ್ ಹಿಡಿಯುವುದಕ್ಕೂ ಪರವಾನಿಗೆ ಬೇಕೆಂದು ಕಾನೂನು ಮಾಡಿದಾಗ ಪಶ್ಚಿಮದ ಸರೋವರಗಳ ಗಾಳದವರೆಲ್ಲ ಅಸಹಕಾರ ಹೂಡಿದರು. ಹಣದ ಪ್ರಶ್ನೆಯಲ್ಲ, ನಮ್ಮ ನೀರಿಗೆ ನಾವು ಅಪ್ಪಣೆ ಕೇಳಬೇಕೇ ಎಂಬ ಪ್ರಶ್ನೆ. 1990ರ ಹೊತ್ತಿಗೆ ಸರ್ಕಾರವೇ ಸೋಲಬೇಕಾಯಿತು. ಟ್ರೌಟಿಗೆ ಇಂದಿಗೂ ಅಲ್ಲಿ ಸರ್ಕಾರಿ ಪರವಾನಿಗೆ ಬೇಕಿಲ್ಲ.

'ಅದು ಬರಲಿಲ್ಲ' ಎಂಬ ಮಾತಿನ ಹಿಂದೆ ಏನಿದೆಯೆಂಬುದು ನನಗೆ ತಿಳಿದದ್ದು ಆಗಸ್ಟಿನಲ್ಲಿ. ಅಂಚೆಯವರ ಅಣ್ಣ ಕಡಲಿನವರು. ಬೇಸಿಗೆಯಲ್ಲಿ ಮೇಯೋ ತೀರದಾಚೆ, ಹೊಳೆಗೆ ಹಿಂದಿರುಗುವ ಸಾಲ್ಮನ್ನಿನ ದಾರಿಗೆ ನೈಲಾನಿನ ತೇಲುಬಲೆ ಬಿಟ್ಟು ಜೀವನ ಮಾಡುತ್ತಿದ್ದವರು. 1970ರ ದಶಕದ ನಡುವಿನಲ್ಲಿ ವರ್ಷಕ್ಕೆ ಸುಮಾರು 17 ಲಕ್ಷ ಸಾಲ್ಮನ್ ಐರ್ಲೆಂಡಿನ ತೀರಕ್ಕೆ ಮರಳುತ್ತಿದ್ದವೆಂದು ಅಂದಾಜು. ಆ ಸಂಖ್ಯೆ ಇಳಿಯುತ್ತ ಬಂದಂತೆ ಹೊಳೆಯ ಗಾಳದವರು ಬಲೆಯವರತ್ತ ಬೆರಳು ತೋರಿಸಿದರು. 2007ರಿಂದ ಸರ್ಕಾರ ತೇಲುಬಲೆಯನ್ನು ನಿಷೇಧಿಸಿ, ಬಲೆಯವರಿಗೆ ಪರಿಹಾರ ಕೊಟ್ಟಿತು. ತಮ್ಮ ನಿಷೇಧದ ಪರವಾಗಿ ಸಹಿ ಹಾಕಿದ್ದರು. 'ನಿನ್ನ ವಿನೋದಕ್ಕಾಗಿ ನನ್ನ ಅನ್ನ ಹೋಯಿತು' ಎಂದು ಅಣ್ಣ ಹೇಳಿದವರು ಮತ್ತೆ ಮಾತಾಡಲಿಲ್ಲ.

ಬಲೆ ನಿಂತಿತು, ಒಂದೆರಡು ವರ್ಷ ಹೊಳೆಗೆ ಹೆಚ್ಚು ಮೀನು ಬಂತು. ಆಮೇಲೆ ಮತ್ತೆ ಇಳಿಯಿತು. ಈಗ ದೇಶಕ್ಕೆಲ್ಲ ವರ್ಷಕ್ಕೆ 2 ಲಕ್ಷಕ್ಕಿಂತ ಕಡಿಮೆ. ಸುಮಾರು 150 ಸಾಲ್ಮನ್ ನದಿಗಳಲ್ಲಿ 2023ರಲ್ಲಿ ಮೀನನ್ನು ಇಟ್ಟುಕೊಳ್ಳಬಹುದಾಗಿದ್ದವು ಮೂರರಲ್ಲಿ ಒಂದರಷ್ಟೇ. ಉಳಿದವುಗಳಲ್ಲಿ ಕೆಲವು ಹಿಡಿದು ಬಿಡುವುದಕ್ಕೆ, ಹೆಚ್ಚಿನವು ಪೂರ್ತಿ ಮುಚ್ಚಿದ್ದವು. ಕಾರಣ ಒಂದೇ ಅಲ್ಲ. ಮೊಯ್ ನದಿಯನ್ನೇ ನೋಡಿ: 1960ರಿಂದ 1971ರವರೆಗೆ, ರೈತರ ಗದ್ದೆಗಳ ನೀರು ಬಸಿಯಲೆಂದು ಸರ್ಕಾರ ಈ ಹೊಳೆಯನ್ನೂ ಅದರ ಉಪನದಿಗಳನ್ನೂ ಯಂತ್ರಗಳಿಂದ ಅಗೆದು ನೇರ ಮಾಡಿತು, ಮೊಟ್ಟೆಯಿಡುವ ಬೆಣಚುಕಲ್ಲು ದಂಡೆಯ ಮೇಲೆ ರಾಶಿಬಿತ್ತು. ಎಷ್ಟೋ ವರ್ಷದ ಮೇಲೆ ಅದೇ ಕಲ್ಲನ್ನು ಹುಡುಕಿ ಮತ್ತೆ ಹೊಳೆಗೆ ಹಾಕಬೇಕಾಯಿತು. ಗೊಬ್ಬರ ಸೇರಿ ಕಾನ್ ಸರೋವರ ಕೆಟ್ಟು, ಹಿಮಯುಗದಿಂದ ಅಲ್ಲಿದ್ದ ಚಾರ್ ಎಂಬ ಮೀನು 1990ರ ಸುಮಾರಿಗೆ ಕಾಣದಾಯಿತು. ಕಡಲತೀರದ ಸಾಲ್ಮನ್ ಸಾಕಣೆಯ ಬಲೆಮನೆಗಳಿಂದ ಹೇನಿನ ಕಾಟ. ಎಲ್ಲಕ್ಕಿಂತ ದೊಡ್ಡದು ಕಡಲು. ಹೊಳೆಯಿಳಿದು ಹೋದ ನೂರು ಮರಿಗಳಲ್ಲಿ ಹಿಂದೆ ಹದಿನೈದು ಇಪ್ಪತ್ತು ಮರಳುತ್ತಿದ್ದವು. ಈಗ ಐದಾರು ಬಂದರೆ ಹೆಚ್ಚು. ನೀರು ಬಿಸಿಯಾಗಿ ಅಲ್ಲಿಯ ಮೇವು ಬದಲಾಗಿದೆಯೆಂದು ಹೇಳುತ್ತಾರೆ. ಬಲೆಯೂ ಕಾರಣವಾಗಿತ್ತು, ನಿಜ. ಆದರೆ ಬಲೆಯವನು ಮಾತ್ರವೇ ಅಪರಾಧಿಯಾಗಿರಲಿಲ್ಲ. ಇದನ್ನು ತಮ್ಮ ಅಣ್ಣನಿಗೆ ಹೇಳಬೇಕೆಂದುಕೊಂಡ ಹೊತ್ತಿಗೆ ಅಣ್ಣ ತೀರಿಕೊಂಡಿದ್ದರು.

ಹೊರಡುವ ಹಿಂದಿನ ಸಂಜೆ ಅವರು ಬೇಲಿಯ ಮೇಲಿನಿಂದ ಕೈನೀಡಿ ಆ ಕೆಂಪು ಸೀಗಡಿಯ ಫ್ಲೈಯನ್ನು ಕೊಡಲು ಬಂದರು, ನನ್ನ ಊರಿನ ಹಕ್ಕಿಯ ನೆನಪಿಗೆಂದು. ಆಸೆಯೇನೋ ಆಯಿತು. ಆದರೆ ಕಾಡುಕೋಳಿ ನಮ್ಮಲ್ಲಿ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿರುವ ಹಕ್ಕಿ; ವಿಮಾನನಿಲ್ದಾಣದಲ್ಲಿ ಆ ಎರಡು ಗರಿಗಳ ವಂಶಾವಳಿಯನ್ನು ವಿವರಿಸುತ್ತ ನಿಲ್ಲುವ ಧೈರ್ಯ ನನಗಿರಲಿಲ್ಲ. ಸಂಗತಿ ಹೇಳಿದಾಗ ಅವರು ನಕ್ಕು ಅದನ್ನು ಮತ್ತೆ ಟೋಪಿಗೆ ಸಿಕ್ಕಿಸಿಕೊಂಡರು. ನಿಮ್ಮೂರಿನ ಗದ್ದೆಗೆ ಆ ಮೀನು ಈಗಲೂ ಹತ್ತುತ್ತದೆಯೇ ಎಂದು ಕೇಳಿದರು. ವಿಚಾರಿಸಿ ಬರೆಯುತ್ತೇನೆಂದೆ.

ಅಕ್ಟೋಬರಿನಲ್ಲಿ ಅವರದೇ ಕಾಗದ ಮೊದಲು ಬಂತು. ಸೆಪ್ಟೆಂಬರ್ 30ಕ್ಕೆ ಗಾಳದ ಕಾಲ ಮುಗಿಯಿತೆಂದೂ, ನಾನು ಬಂದ ಮೇಲೆ ಇನ್ನೊಂದು ಮೀನು ಸಿಕ್ಕಿ ಅದನ್ನೂ ಬಿಟ್ಟರೆಂದೂ, ಪಟ್ಟಿಗಳನ್ನು ಹಿಂದಿರುಗಿಸಿದೆನೆಂದೂ ಬರೆದಿದ್ದರು. ಊರಿನಲ್ಲಿ ಗದ್ದೆ ಮಾಡುತ್ತಿರುವ ನನ್ನ ಅಣ್ಣನ ಮಗನನ್ನು ಫೋನಿನಲ್ಲಿ ಕೇಳಿದೆ. 'ಎಲ್ಲಿಯ ಹತ್ತುಮೀನು ಚಿಕ್ಕಪ್ಪಯ್ಯ, ಗದ್ದೆಯೆಲ್ಲ ಅಡಕೆ ತೋಟ ಆಯ್ತಲ್ಲ' ಎಂದ. ಅಂಚೆಯವರಿಗೆ ಉತ್ತರ ಬರೆಯುವುದು ಇನ್ನೂ ಬಾಕಿಯಿದೆ.